ಅಣ್ಣ-ತಂಗಿಗೆ ಒಂದು ಜಾರುವ ಕುಣಿತ

ಬೆಳಗಾವಿಯಲ್ಲಿ ಐಸ್ ರಿಂಕ್, ಅಂದರೆ ಮಂಜುಗಡ್ಡೆಯ ಮೇಲೆ ಜಾರುವ ಅಂಗಳ, ಇಲ್ಲ. ಆದರೆ ಸ್ಕೇಟಿಂಗ್ ಇದೆ, ಜೋರಾಗಿಯೇ ಇದೆ. ಭಾನುವಾರ ಬೆಳಿಗ್ಗೆ ಟಿಳಕವಾಡಿ ಕಡೆ ಬಂದರೆ ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡ ಮಕ್ಕಳು ಅಪ್ಪನ ಸ್ಕೂಟರ್ ಹಿಂದೆ ಕೂತು ಕ್ಲಾಸಿಗೆ ಹೋಗುವುದು ಕಾಣುತ್ತದೆ. ಹೆಚ್ಚಿನವರು ಸ್ಪೀಡ್‌ಗೆ ಹೋಗುತ್ತಾರೆ. ಕೆಲವರು ಲಿಂಬೋ, ಅಂದರೆ ಅಡ್ಡ ಕೋಲಿನ ಕೆಳಗೆ ಬಗ್ಗಿ ಜಾರುವುದನ್ನು, ಕಲಿಯುತ್ತಾರೆ. ಗಾಲಿ ಕಟ್ಟಿಕೊಂಡು ಕುಣಿಯೋಣ ಅನ್ನುವವರು ತೀರಾ ಕಡಿಮೆ.

ಅಂಥವರಲ್ಲಿ ಇಬ್ಬರು ಹೋದ ವರ್ಷ ನನ್ನ ಹತ್ತಿರ ಬಂದರು. ಅಣ್ಣ, ತಂಗಿ. ಅವನು ಒಂಬತ್ತನೇ ಕ್ಲಾಸ್, ಅವಳು ಏಳನೇ. ಅವರ ಅಮ್ಮ ಹೇಳಿದ್ದು ಇಷ್ಟೇ: "ಟೀಚರ್, ಇಬ್ಬರೂ ಐಸ್ ಡಾನ್ಸ್ ವಿಡಿಯೋ ನೋಡಿ ನೋಡಿ ಹುಚ್ಚಾಗ್ಯಾರ. ಅಂಥಾದ್ದೊಂದು ಕೂಡಿಸಿ ಕೊಡ್ರಿ."

ನಾನು ಭರತನಾಟ್ಯ ಕಲಿಸುತ್ತೇನೆ. ಶಾಲೆಯಲ್ಲಿದ್ದಾಗ ಕ್ವಾಡ್ ಸ್ಕೇಟ್ ಮೇಲೆಯೇ ಬೆಳೆದವಳು, ಅಂದರೆ ಮುಂದೆ ಎರಡು, ಹಿಂದೆ ಎರಡು ಗಾಲಿ ಇರುವ ಹಳೇ ನಮೂನೆಯದು. ಐಸ್ ಡಾನ್ಸ್ ಅಂದರೆ ನನಗೆ ಪ್ರಾಣ. ಹಾಗಾಗಿ ತಕ್ಷಣ ಹ್ಞೂಂ ಅಂದೆ. ಆಮೇಲೆ ಒಬ್ಬರಲ್ಲ ಒಬ್ಬರು ಕೇಳುತ್ತಲೇ ಇದ್ದಾರೆ, ಇದನ್ನು ಹೇಗೆ ಕಟ್ಟುತ್ತೀರಿ, ಎಲ್ಲಿಂದ ಶುರು ಮಾಡುತ್ತೀರಿ ಅಂತ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಕಾಲಿನ ಕೆಳಗಿಂದ ಶುರು ಮಾಡುತ್ತೇನೆ. ಕೈ ಎಲ್ಲಕ್ಕಿಂತ ಕೊನೆಗೆ.

ಇದು ನನ್ನ ಗಟ್ಟಿ ನಂಬಿಕೆ. ನಮ್ಮ ಕಡೆ ಸ್ಕೇಟಿಂಗ್ ಡಾನ್ಸ್ ಅಂದರೆ ಏನಾಗುತ್ತದೆ ಅಂದರೆ, ಒಂದು ಸಿನಿಮಾ ಹಾಡು ಹಾಕುತ್ತಾರೆ, ಸ್ಟೇಜಿನ ಮೇಲೆ ಮಾಡುವ ಕೈ-ಸೊಂಟದ ಸ್ಟೆಪ್ಪುಗಳನ್ನೇ ಮಕ್ಕಳಿಗೆ ಹೇಳಿಕೊಡುತ್ತಾರೆ, ಗಾಲಿ ಮಾತ್ರ ಕಾಲಿಗೆ ಇರುತ್ತದೆ. ಮಕ್ಕಳು ನಿಂತಲ್ಲೇ ನಿಂತು ಕೈ ಆಡಿಸುತ್ತಾರೆ, ನಡುವೆ ಒಂದು ಸುತ್ತು ಹೊಡೆದು ಬರುತ್ತಾರೆ, ಮತ್ತೆ ನಿಲ್ಲುತ್ತಾರೆ. ಹಾಗಿದ್ದರೆ ಗಾಲಿ ಯಾಕೆ ಬೇಕು? ಬರಿಗಾಲಲ್ಲೇ ಚೆನ್ನಾಗಿ ಕುಣಿಯಬಹುದಲ್ವಾ? ಸ್ಕೇಟ್ ಹಾಕಿದ ಮೇಲೆ ನೆಲ ನಮಗೆ ಬೇರೊಂದು ವರ ಕೊಡುತ್ತದೆ. ನಾವು ಏನೂ ಮಾಡದೆ ಸುಮ್ನೆ ನಿಂತರೂ ಮುಂದಕ್ಕೆ ಹೋಗುತ್ತಿರುತ್ತೇವೆ. ಸ್ಟೇಜಿನ ಮೇಲೆ ನಿಂತರೆ ನಿಂತ ಹಾಗೇ. ಇಲ್ಲಿ ನಿಂತ ಭಂಗಿಯೂ ಪ್ರಯಾಣ ಮಾಡುತ್ತದೆ. ಆ ಜಾರುವ ಹೊತ್ತನ್ನು ಕುಣಿತದ ಒಳಗೆ ಎಣಿಸಬೇಕು. ಅದನ್ನು ಎಣಿಸದೆ ಕಟ್ಟಿದ್ದು ಸ್ಕೇಟಿಂಗ್ ಕುಣಿತವೇ ಅಲ್ಲ ಅಂತ ನಾನು ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಜೋಡಿಯಾಗಿ ಐಸ್ ಮೇಲೆ ಮಾಡುವುದೆಲ್ಲ ಐಸ್ ಡಾನ್ಸ್ ಅಲ್ಲ. ಹುಡುಗ ಹುಡುಗಿಯನ್ನು ತಲೆಯ ಮೇಲೆ ಎತ್ತಿ ಹಿಡಿಯುವುದು, ಗಾಳಿಗೆ ಎಸೆಯುವುದು, ಅವಳು ಮೂರು ಸುತ್ತು ತಿರುಗಿ ಇಳಿಯುವುದು, ಇದು ಪೇರ್ ಸ್ಕೇಟಿಂಗ್. 1908ರಿಂದಲೇ ಒಲಿಂಪಿಕ್ಸ್‌ನಲ್ಲಿದೆ. ಐಸ್ ಡಾನ್ಸ್ ಬಂದದ್ದು ಬಹಳ ತಡವಾಗಿ, 1976ರಲ್ಲಿ, ಇನ್ಸ್‌ಬ್ರುಕ್‌ನಲ್ಲಿ. ಇದರಲ್ಲಿ ಎಸೆಯುವಂತಿಲ್ಲ. ಎತ್ತಬಹುದು, ಆದರೆ ಎತ್ತುವವರ ಕೈ ಅವರ ತಲೆಗಿಂತ ಮೇಲೆ ಹೋಗುವಂತಿಲ್ಲ. ಚಿಕ್ಕ ಲಿಫ್ಟ್ ಆದರೆ 7 ಸೆಕೆಂಡಿನಲ್ಲಿ ಇಳಿಸಿಬಿಡಬೇಕು. ದೊಡ್ಡ ಜಿಗಿತ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ದೂರ ದೂರ ಹೋಗುವುದಕ್ಕೂ ಮಿತಿ ಇದೆ. ಹಾಗಾದರೆ ಉಳಿದದ್ದೇನು ಅಂತ ಕೇಳಿದರೆ, ಪಾದ, ಮೊಣಕಾಲು, ತಾಳ ಮತ್ತು ಇಬ್ಬರ ನಡುವಿನ ಅಂತರ. ಅಷ್ಟರಲ್ಲೇ ಎಲ್ಲವನ್ನೂ ಹೇಳಬೇಕು. ನನಗೆ ಇದು ಹಿಡಿಸುವುದೇ ಅದಕ್ಕೆ.

ಹುಡುಗರ ಅಪ್ಪ ಇದನ್ನು ಒಪ್ಪಲು ಸ್ವಲ್ಪ ಟೈಮ್ ತಗೊಂಡರು. "ಒಂದ ಲಿಫ್ಟ್ ಆದ್ರೂ ಹಾಕ್ರಿ ಟೀಚರ್, ಮಂದಿ ಚಪ್ಪಾಳಿ ಹೊಡೀತಾರ" ಅಂದರು. ಒಂಬತ್ತನೇ ಕ್ಲಾಸಿನ ಹುಡುಗನ ಬೆನ್ನು ಇನ್ನೂ ಬೆಳೆಯುತ್ತಿರುತ್ತದೆ ಸರ್, ಕಾಲಡಿ ಐಸ್ ಅಲ್ಲ, ಸಿಮೆಂಟು, ಬಿದ್ದರೆ ತಂಗಿಯ ತಲೆಗೆ ಪೆಟ್ಟು ಅಂದೆ. ಎತ್ತುವುದು ಬೇಡವೇ ಬೇಡ ಅಂತ ಮೊದಲ ದಿನವೇ ತೀರ್ಮಾನ ಆಯಿತು. ಅದರಿಂದ ಕುಣಿತಕ್ಕೆ ಏನೂ ನಷ್ಟ ಆಗಿಲ್ಲ.

ಈಗ ಎಡ್ಜ್ ವಿಷಯಕ್ಕೆ ಬರುತ್ತೇನೆ. ಇದು ಗೊತ್ತಾಗದೆ ಮುಂದಿನದು ಯಾವುದೂ ಅರ್ಥ ಆಗುವುದಿಲ್ಲ.

ಐಸ್ ಸ್ಕೇಟಿನ ಬ್ಲೇಡ್ ಚೂರಿಯ ಹಾಗೆ ಒಂದೇ ಅಲಗು ಇರುವುದಲ್ಲ. ಸುಮಾರು 4 ಮಿಲಿಮೀಟರ್ ಅಗಲ, ನಡುವೆ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆದಿರುತ್ತದೆ. ಹಾಗಾಗಿ ಎರಡು ಅಂಚು ಬರುತ್ತವೆ, ಒಳಗಿನದು ಮತ್ತು ಹೊರಗಿನದು. ಮೈಯನ್ನು ಒಂದು ಬದಿಗೆ ಒರಗಿಸಿದರೆ ಆ ಬದಿಯ ಅಂಚು ಐಸಿಗೆ ಕಚ್ಚಿಕೊಳ್ಳುತ್ತದೆ, ದಾರಿ ಬಾಗುತ್ತದೆ. ಮುಂದಕ್ಕೆ ಹೋಗುವಾಗ ಒಳ ಎಡ್ಜ್, ಹೊರ ಎಡ್ಜ್, ಹಿಂದಕ್ಕೆ ಹೋಗುವಾಗ ಮತ್ತೆ ಎರಡು. ಒಂದು ಕಾಲಿಗೆ ನಾಲ್ಕು, ಎರಡು ಕಾಲಿಗೆ ಎಂಟು. ಐಸ್ ಡಾನ್ಸಿನ ಅಕ್ಷರಮಾಲೆ ಅಷ್ಟೇ. ಒಂದು ಎಡ್ಜಿನಿಂದ ಇನ್ನೊಂದಕ್ಕೆ ದಾಟುವ ತಿರುವುಗಳಿಗೆ ಹೆಸರುಗಳಿವೆ: ತ್ರೀ ಟರ್ನ್, ಬ್ರಾಕೆಟ್, ರಾಕರ್, ಕೌಂಟರ್, ಮೊಹಾಕ್, ಚಾಕ್ಟಾ. ತ್ರೀ ಟರ್ನ್ ಅಂದರೆ ಒಂದೇ ಕಾಲಿನ ಮೇಲೆ ಮುಂದಿನಿಂದ ಹಿಂದಕ್ಕೋ ಹಿಂದಿನಿಂದ ಮುಂದಕ್ಕೋ ತಿರುಗುವುದು, ಐಸ್ ಮೇಲೆ ಇಂಗ್ಲಿಷಿನ 3ರ ಆಕಾರದ ಗೆರೆ ಬೀಳುತ್ತದೆ. ಮೊಹಾಕ್‌ನಲ್ಲಿ ತಿರುಗುವಾಗ ಕಾಲು ಬದಲಾಗುತ್ತದೆ.

ಗಾಲಿಯಲ್ಲಿ ಇದು ಆಗುತ್ತದಾ? ಆಗುತ್ತದೆ. ಕ್ವಾಡ್ ಸ್ಕೇಟಿನ ಕೆಳಗೆ ಎರಡು ಟ್ರಕ್, ಅಂದರೆ ಗಾಲಿಯ ಅಚ್ಚನ್ನು ಹಿಡಿದಿರುವ ಭಾಗಗಳು, ಇರುತ್ತವೆ, ಅವುಗಳಲ್ಲಿ ರಬ್ಬರ್ ಕುಶನ್ ಇರುತ್ತದೆ. ಪಾದವನ್ನು ಒಂದು ಬದಿಗೆ ಒತ್ತಿದರೆ ರಬ್ಬರ್ ಒತ್ತಿಕೊಂಡು ಅಚ್ಚು ವಾಲುತ್ತದೆ, ಗಾಲಿಗಳು ಆ ಬದಿಗೆ ತಿರುಗುತ್ತವೆ. ಹೊಸ ಸ್ಕೇಟುಗಳ ನಟ್ಟು ಸಾಮಾನ್ಯವಾಗಿ ಬಿಗಿಯಾಗಿರುತ್ತದೆ. ನೇರವಾಗಿ ಓಡಲು ಅದು ಒಳ್ಳೆಯದು, ಬಾಗಲು ಅಲ್ಲ. ನಾನು ಮಾಡಿದ ಮೊದಲ ಕೆಲಸ ಸ್ಪ್ಯಾನರ್ ತಗೊಂಡು ಇಬ್ಬರ ಟ್ರಕ್ಕನ್ನೂ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿದ್ದು. ಹುಡುಗಿ ಎದ್ದು ನಿಂತ ಕೂಡಲೇ "ಅಯ್ಯ ಮಿಸ್, ಕಾಲು ನನ್ನ ಮಾತ ಕೇಳವಲ್ವು" ಅಂದಳು. ವಾರ ಕಳೆಯುವಷ್ಟರಲ್ಲಿ ಅವೇ ಕಾಲು ಒರಗಿದ ಕಡೆಗೆಲ್ಲ ಬಾಗತೊಡಗಿದವು. ಇದನ್ನು ಮಾಡಿಸುವವರಿಗೆ ಒಂದು ಮಾತು: ಒಮ್ಮೆಗೇ ಪೂರ್ತಿ ಸಡಿಲ ಮಾಡಬೇಡಿ. ಮಗುವಿನ ತೂಕ ನೋಡಿ, ಹಂತ ಹಂತವಾಗಿ ಬಿಡಿ.

ಗಾಲಿಯ ಮೇಲಿನ ಕುಣಿತವನ್ನು ಐಸಿನ ನಕಲು ಅಂತ ಯಾರಾದರೂ ಅಂದರೆ ನನಗೆ ಬೇಜಾರಾಗುತ್ತದೆ. ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗಿಗೆ ತನ್ನದೇ ಜಾಗತಿಕ ಸ್ಪರ್ಧೆಗಳಿವೆ, ಅದರಲ್ಲಿ ಕಪಲ್ ಡಾನ್ಸ್ ಅನ್ನುವ ವಿಭಾಗವೂ ಇದೆ. 2010ರ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನೂಪ್ ಕುಮಾರ್ ಯಾಮಾ ಮತ್ತು ಅವನಿ ಪಂಚಾಲ್ ಜೋಡಿ ಗಾಲಿಯ ಮೇಲೆಯೇ ಪೇರ್ ಸ್ಕೇಟಿಂಗಿನಲ್ಲಿ ಭಾರತಕ್ಕೆ ಕಂಚು ತಂದಿತು. ಅನೂಪ್ ಅದೇ ಕೂಟದಲ್ಲಿ ಒಂಟಿಯಾಗಿಯೂ ಕಂಚು ಗೆದ್ದರು. ನನ್ನ ಮಕ್ಕಳಿಗೆ ಈ ಕಥೆ ಹೇಳಿದಾಗ ಬೆನ್ನು ನೆಟ್ಟಗಾಯಿತು.

ಇನ್ನು ಜೋಡಿಯ ವಿಷಯ. ಅಣ್ಣ-ತಂಗಿ ಜೋಡಿಗೆ ಏನು ಕಟ್ಟಬೇಕು? ಐಸ್ ಡಾನ್ಸ್ ವಿಡಿಯೋಗಳಲ್ಲಿ ಹತ್ತರಲ್ಲಿ ಒಂಬತ್ತು ಪ್ರೇಮದ ಕಥೆಗಳೇ. ಇಲ್ಲಿ ಅದು ಆಗುವುದಿಲ್ಲ, ಆಗಬಾರದು. ಆದರೆ ಒಡಹುಟ್ಟಿದವರ ಜೋಡಿ ಐಸ್ ಡಾನ್ಸಿಗೆ ಹೊಸದೇನಲ್ಲ. ಫ್ರಾನ್ಸ್ ಪರ ಆಡಿದ ಇಸಬೆಲ್ ಮತ್ತು ಪಾಲ್ ದುಶೆನೆ ತಂಗಿ-ಅಣ್ಣ ಇಬ್ಬರೂ 1991ರಲ್ಲಿ ವಿಶ್ವ ಚಾಂಪಿಯನ್ ಆದರು, ಮರುವರ್ಷ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. ಅಮೆರಿಕದ ಮಾಯಾ ಮತ್ತು ಅಲೆಕ್ಸ್ ಶಿಬುಟಾನಿ ತಂಗಿ-ಅಣ್ಣ, 2018ರ ಪ್ಯೊಂಗ್‌ಚಾಂಗ್‌ನಲ್ಲಿ ಕಂಚು. ಶಿಬುಟಾನಿಗಳನ್ನು ನೋಡಿ, ಒಬ್ಬರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದಕ್ಕಿಂತ ಇಬ್ಬರೂ ಒಂದೇ ದಿಕ್ಕಿಗೆ ನೋಡುವುದು ಜಾಸ್ತಿ. ಅಕ್ಕಪಕ್ಕ ಹೋಗುತ್ತಾರೆ, ಒಂದೇ ಉಸಿರಿನಲ್ಲಿ ತಿರುಗುತ್ತಾರೆ. ಒಂದೇ ಮನೆಯಲ್ಲಿ ಬೆಳೆದವರಿಗೆ ಅದು ಸಹಜವಾಗಿ ಬರುತ್ತದೆ ಅಂತ ನನಗೆ ಅನಿಸುತ್ತದೆ. ನನ್ನ ಇಬ್ಬರೂ ಜಗಳ ಆಡುತ್ತಲೇ ಒಟ್ಟಿಗೆ ಉಸಿರು ತಗೊಳ್ಳುತ್ತಾರೆ. ನಾನು ಅದನ್ನು ದೂರ ನಿಂತು ನೋಡಿದ್ದೇನೆ.

ಹಾಗಾಗಿ ನಾನು ಆರಿಸಿದ್ದು ಕಿಲಿಯನ್ ಹಿಡಿತ. ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಅಕ್ಕಪಕ್ಕ, ಹುಡುಗಿ ಬಲಕ್ಕೆ. ಹುಡುಗನ ಬಲಗೈ ಹಿಂದಿನಿಂದ ಬಂದು ಅವಳ ಸೊಂಟದ ಹತ್ತಿರ ಅವಳ ಬಲಗೈಯನ್ನು ಹಿಡಿಯುತ್ತದೆ. ಅವಳ ಎಡಗೈ ಅವನ ಎದೆಯ ಮುಂದಿನಿಂದ ಹೋಗಿ ಅವನ ಎಡಗೈಯಲ್ಲಿ. ಕಿಲಿಯನ್ ಅನ್ನುವ ಕುಣಿತವೇ ಇದೆ, 1909ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ್ದು, ನಿಮಿಷಕ್ಕೆ 116 ಬಡಿತ. ಐಸಿನವರೂ ಮಾಡುತ್ತಾರೆ, ಗಾಲಿಯವರೂ ಮಾಡುತ್ತಾರೆ. ಅದರ ಹೆಜ್ಜೆಗಳು ಎಷ್ಟು ಒತ್ತೊತ್ತಾಗಿ ಬರುತ್ತವೆ ಅಂದರೆ ಇಬ್ಬರ ನಡುವೆ ಗಾಳಿ ಆಡುವಷ್ಟು ಜಾಗ ಬಿಟ್ಟರೂ ಗಾಲಿಗೆ ಗಾಲಿ ತಾಗುತ್ತದೆ. ವಿಚಿತ್ರ ಅನಿಸಬಹುದು, ಆದರೆ ನಿಜ. ಹತ್ತಿರ ಇದ್ದಷ್ಟೂ ಸುರಕ್ಷಿತ. ಹತ್ತಿರ ಇದ್ದಾಗ ಇಬ್ಬರ ಭಾರವೂ ಒಂದೇ ಕಡೆ ಒರಗುತ್ತದೆ. ದೂರ ಆದಾಗ ಒಬ್ಬರು ಒಳಕ್ಕೆ ಒರಗುತ್ತಾರೆ, ಇನ್ನೊಬ್ಬರು ನೇರ ಇರುತ್ತಾರೆ, ಅಲ್ಲೇ ಕಾಲಿಗೆ ಕಾಲು ಸಿಗುತ್ತದೆ.

ಈ ಹತ್ತಿರವನ್ನು ಕಲಿಸಲು ನಾನು ಓಢಣಿ ಬಳಸಿದೆ. ಮೊದಲು ಉದ್ದಕ್ಕೆ ಬಿಚ್ಚಿ ಇಬ್ಬರೂ ಒಂದೊಂದು ತುದಿ ಹಿಡಿದು ಒಟ್ಟಿಗೆ ಜಾರಬೇಕು, ಓಢಣಿ ಜೋಲಬಾರದು, ಜಗ್ಗಲೂಬಾರದು. ಅದು ಬಂದ ಮೇಲೆ ಮಡಿಸಿ ಅರ್ಧ ಮಾಡಬೇಕು. ಮತ್ತೆ ಅರ್ಧ. ಕೊನೆಗೆ ಓಢಣಿ ತೆಗೆದುಬಿಟ್ಟರೆ ಕೈಗಳೇ ಉಳಿಯುತ್ತವೆ, ಅಷ್ಟರಲ್ಲಿ ಅಂತರ ಮೈಗೆ ಗೊತ್ತಾಗಿರುತ್ತದೆ. ಅಣ್ಣನ ಕಾಲು ಉದ್ದ, ಅವನು ಒಮ್ಮೆ ತಳ್ಳಿದರೆ ಅವಳು ಹಿಂದೆ ಬೀಳುತ್ತಾಳೆ. ಅವನಿಗೆ ಹೇಳಿದ್ದು ಒಂದೇ, ಕಡಿಮೆ ತಳ್ಳು, ಜಾಸ್ತಿ ಬಗ್ಗು. ಮೊಣಕಾಲು ಬಗ್ಗಿದಷ್ಟೂ ಅವನ ಎತ್ತರ ಅವಳ ಎತ್ತರಕ್ಕೆ ಹತ್ತಿರ ಬರುತ್ತದೆ, ನೋಡಲು ಚೆನ್ನಾಗಿರುತ್ತದೆ, ಎಡ್ಜೂ ಗಟ್ಟಿಯಾಗುತ್ತದೆ.

ಸಂಗೀತ ಆರಿಸಿದ್ದು ನನಗೆ ಅತ್ಯಂತ ಖುಷಿ ಕೊಟ್ಟ ಭಾಗ. ನಾವಿರುವುದು ಹಿಂದುಸ್ತಾನಿ ಸಂಗೀತದ ಸೀಮೆಯಲ್ಲಿ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ, ನಮ್ಮ ಊರಿನ ಹತ್ತಿರವೇ. ಓಣಿಗೊಬ್ಬರು ತಬಲಾ ಕಲಿಯುವವರು ಸಿಗುತ್ತಾರೆ. ಐಸ್ ಡಾನ್ಸಿನ ಬೆನ್ನೆಲುಬು ವಾಲ್ಟ್ಸ್, ಅಂದರೆ ಮೂರರ ನಡೆ. ಹೊಸಬರಿಗೆ ಕಲಿಸುವ ಡಚ್ ವಾಲ್ಟ್ಸ್ ನಿಮಿಷಕ್ಕೆ 138 ಬಡಿತದಲ್ಲಿ ನಡೆಯುತ್ತದೆ. ನಮ್ಮಲ್ಲಿ ದಾದ್ರಾ ಅನ್ನುವ ತಾಳ ಇದೆ. ಒಂದು ಆವರ್ತನಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಆರು ಮಾತ್ರೆ ಅಥವಾ ಎಣಿಕೆ, ಮೂರು ಮತ್ತು ಮೂರು. ಧಾ ಧೀ ನಾ, ಧಾ ತೀ ನಾ.

ಇದನ್ನು ಕಾಲಿಗೆ ಹಾಕಿ ನೋಡಿ. ಸ್ವಿಂಗ್ ರೋಲ್ ಅನ್ನುವ ಒಂದು ಚಲನೆ ಇದೆ. ಒಂದು ಕಾಲಿನ ಹೊರ ಎಡ್ಜ್ ಮೇಲೆ ಬಾಗಿ ಜಾರುತ್ತಾ ಇರಬೇಕು, ಖಾಲಿ ಕಾಲು ಹಿಂದಿನಿಂದ ನಿಧಾನವಾಗಿ ಮುಂದಕ್ಕೆ ತೂಗಿ ಬರಬೇಕು. ಹಿಂದಿರುವಾಗ ಮೂರು ಎಣಿಕೆ, ಮುಂದೆ ಬಂದ ಮೇಲೆ ಮೂರು. ಒಟ್ಟು ಆರು. ಅಂದರೆ ಒಂದು ಬಾಗು ಮುಗಿಯುವಾಗ ಸರಿಯಾಗಿ ದಾದ್ರಾದ ಒಂದು ಆವರ್ತನ ಮುಗಿಯುತ್ತದೆ! ಸಮ್‌ಗೆ, ಅಂದರೆ ಆವರ್ತನದ ಮೊದಲ ಮಾತ್ರೆಗೆ, ಕಾಲು ಬದಲು. ಎಡಗಾಲಲ್ಲಿ ಒಂದು ಆವರ್ತನ, ಬಲಗಾಲಲ್ಲಿ ಒಂದು. ಧಾ ಅಂದಾಗ ತಳ್ಳುವುದು, ತೀ ಹತ್ತಿರ ಬರುವಾಗ, ಅಂದರೆ ತಬಲಾ ಜೋಡಿಯ ದೊಡ್ಡ ವಾದ್ಯ ಡಗ್ಗಾ ಸುಮ್ಮನಾಗುವ ಕಡೆ, ಖಾಲಿ ಕಾಲು ಮುಂದೆ ಗಾಳಿಯಲ್ಲಿ ನಿಂತಿರುತ್ತದೆ. ತಾಳದಲ್ಲಿ ಖಾಲಿ ಅನ್ನುವ ಭಾಗಕ್ಕೂ ಖಾಲಿ ಕಾಲಿಗೂ ಇಷ್ಟು ಚೆನ್ನಾಗಿ ಕೂಡಿಬರುತ್ತದೆ ಅಂತ ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಹುಡುಗನಿಗೆ ರೂಪಕ ತಾಳದಲ್ಲೂ ಮಾಡೋಣ ಅಂತ ಆಸೆ. ಏಳು ಮಾತ್ರೆ. ಮಾತ್ರೆಗೊಂದು ಹೆಜ್ಜೆ ಇಟ್ಟರೆ ಪ್ರತಿ ಆವರ್ತನಕ್ಕೂ ಕಾಲು ಅದಲುಬದಲಾಗುತ್ತದೆ, ಈ ಸಲ ಎಡಗಾಲಿಗೆ ಬಂದ ಸಮ್ ಮುಂದಿನ ಸಲ ಬಲಗಾಲಿಗೆ. ರಿಂಕಿನ ಮೂಲೆಯಲ್ಲಿ ಎಡಕ್ಕೆ ತಿರುಗಲೇಬೇಕಾದ ಜಾಗದಲ್ಲಿ ಬೇಡದ ಕಾಲು ನೆಲದ ಮೇಲಿರುತ್ತದೆ. ಮಾಡಲು ಬರುತ್ತದೆ, ದೊಡ್ಡವರಾದ ಮೇಲೆ ಖಂಡಿತ ಮಾಡಿಸುತ್ತೇನೆ. ಈ ಸಲ ದಾದ್ರಾ ಮಾತ್ರ. ಪರಿಚಯದ ತಬಲಾ ಮೇಷ್ಟ್ರು ಮತ್ತು ಅವರ ಶಿಷ್ಯರೊಬ್ಬರ ಹಾರ್ಮೋನಿಯಂ ಕೂಡಿಸಿ ಎರಡೂವರೆ ನಿಮಿಷದ ತುಣುಕು ರೆಕಾರ್ಡ್ ಮಾಡಿಸಿದೆವು. ಮೇಷ್ಟ್ರು ಮಕ್ಕಳು ಜಾರುವುದನ್ನು ನೋಡುತ್ತಲೇ ನುಡಿಸಿದರು, ಅದು ದೊಡ್ಡ ಉಪಕಾರ ಆಯಿತು. "ಇವರ ಕಾಲು ಎಲ್ಲಿ ಬೀಳತೈತಿ ಅಂತ ಕಾಣತೈತ್ರಿ, ನಾ ಅಲ್ಲೇ ಸಮ್ ಇಡತೇನಿ" ಅಂದರು.

ಸಂಗೀತದ ಉದ್ದ ಅಂದಾಗ ಬ್ರಿಟನ್ನಿನ ಐಸ್ ಡಾನ್ಸ್ ಜೋಡಿ ಟಾರ್ವಿಲ್ ಮತ್ತು ಡೀನ್ ನೆನಪಾಗಲೇಬೇಕು. 1984, ಸರಾಯೆವೊ ಒಲಿಂಪಿಕ್ಸ್. ಸಂಗೀತ ರಚನೆಕಾರ ರವೆಲ್‌ನ ಬೊಲೆರೊ ಕೃತಿಯನ್ನು ಎಷ್ಟು ಕತ್ತರಿಸಿದರೂ 4 ನಿಮಿಷ 28 ಸೆಕೆಂಡಿಗಿಂತ ಕಡಿಮೆ ಆಗಲಿಲ್ಲ, ನಿಯಮದಲ್ಲಿ ಇದ್ದದ್ದು 4 ನಿಮಿಷ 10 ಸೆಕೆಂಡು. ಆದರೆ ಆಗ ಗಡಿಯಾರ ಶುರುವಾಗುತ್ತಿದ್ದದ್ದು ಬ್ಲೇಡಿನ ಮೇಲೆ ಜಾರಲು ಶುರು ಮಾಡಿದಾಗ. ಅದಕ್ಕೆ ಇಬ್ಬರೂ ಐಸ್ ಮೇಲೆ ಮೊಣಕಾಲೂರಿ ಕೂತೇ ಮೊದಲ 18 ಸೆಕೆಂಡು ಕುಣಿದರು. ಆ ಹೊಯ್ದಾಟ ಎಷ್ಟು ಚೆಂದ ಅಂದರೆ ಅದು ನಿಯಮಕ್ಕಾಗಿ ಹುಟ್ಟಿದ್ದು ಅಂತ ಯಾರಿಗೂ ಅನಿಸುವುದಿಲ್ಲ. ಕಲೆಗೆ ಕೊಡುವ ಅಂಕದಲ್ಲಿ ಒಂಬತ್ತೂ ತೀರ್ಪುಗಾರರು ಪೂರ್ತಿ 6.0 ಕೊಟ್ಟರು. ಕುಣಿತ ಕಟ್ಟುವವರು ಈ ಒಂದು ವಿಡಿಯೋ ನೋಡಲೇಬೇಕು. ಇಕ್ಕಟ್ಟಿನ ಜಾಗದಲ್ಲಿ ಬುದ್ಧಿ ಹೇಗೆ ಓಡುತ್ತದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ವಿಡಿಯೋ ನಮ್ಮವರಿಗೆ ಹತ್ತಿರದ್ದು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ ಹಿಂದಿ ಸಿನಿಮಾ ಹಾಡುಗಳಿಗೆ ಕುಣಿದರು. ಆ ವರ್ಷದ ಒರಿಜಿನಲ್ ಡಾನ್ಸ್ ಅನ್ನುವ ಸುತ್ತು ಜಾನಪದದ ಮೇಲೆ ಇರಬೇಕು ಅಂತ ನಿಯಮ ಇತ್ತು. ಅವರು ಬೆಳ್ಳಿ ಗೆದ್ದರು, ನಾಲ್ಕು ವರ್ಷದ ನಂತರ ಸೋಚಿಯಲ್ಲಿ ಚಿನ್ನ. ನಮ್ಮವರು ಇದನ್ನು ಹಂಚಿಕೊಳ್ಳುವಾಗ ಕೈಯ ಮುದ್ರೆ, ಕತ್ತಿನ ಆಟ ನೋಡಿ ಮೆಚ್ಚುತ್ತಾರೆ. ನಾನು ದನಿ ಬಂದ್ ಮಾಡಿ ಕಾಲು ಮಾತ್ರ ನೋಡಿದೆ. ಕೈ ಏನೇ ಮಾಡಲಿ, ಕೆಳಗೆ ಎಡ್ಜ್ ಒಂದು ಕ್ಷಣವೂ ಚಪ್ಪಟೆ ಆಗುವುದಿಲ್ಲ. ಮೊಣಕಾಲು ಬಗ್ಗಿಯೇ ಇರುತ್ತದೆ. ನಾವು ಅರೆಮಂಡಿ ಅಂತ ಮಕ್ಕಳಿಗೆ ಹೊಡೆದುಕೊಂಡು ಹೇಳುವುದೂ ಅದೇ ಅಲ್ವಾ?

ಇನ್ನು ಕಟ್ಟಿದ ರೀತಿ. ನಾನು ಮೊದಲು ಚಾಕ್‌ಪೀಸ್ ತಗೊಂಡು ನೆಲದ ಮೇಲೆ ದಾರಿ ಬರೆಯುತ್ತೇನೆ. ಕಾಗದದ ಮೇಲೆ ಬರೆದರೆ ಮಕ್ಕಳಿಗೆ ಹತ್ತುವುದಿಲ್ಲ. ಒಲಿಂಪಿಕ್ಸ್ ಐಸ್ ರಿಂಕ್ 60 ಮೀಟರ್ ಉದ್ದ, 30 ಮೀಟರ್ ಅಗಲ. ನಮಗೆ ಸಿಗುವ ಹಾಲ್ ಅದರ ಕಾಲು ಭಾಗವೂ ಬರುವುದಿಲ್ಲ. ಜಾಗ ಚಿಕ್ಕದಾದರೆ ಬಾಗುಗಳು ಚೂಪಾಗುತ್ತವೆ, ಚೂಪಾದರೆ ಹೆಚ್ಚು ಒರಗಬೇಕು, ಹೆಚ್ಚು ಒರಗಿದರೆ ನುಣುಪು ನೆಲದಲ್ಲಿ ಗಾಲಿ ಜಾರುತ್ತದೆ. ಅದಕ್ಕೆ ಸ್ವಲ್ಪ ಮೆತ್ತನೆಯ ಗಾಲಿ ಹಾಕಿಸಿದೆ. ಹಿಡಿತ ಬಂತು, ಓಟ ಕೊಂಚ ಕಡಿಮೆ ಆಯಿತು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಹಾಲ್ ಅಂದೆ, ಅದು ಒಂದು ಮಂಗಲ ಕಾರ್ಯಾಲಯ. ಬೆಳಗಾವಿ ಮಳೆ ನಿಮಗೆ ಗೊತ್ತಲ್ಲ. ಜೂನ್‌ನಲ್ಲಿ ಶುರುವಾದರೆ ಬಯಲಿನ ಟ್ರ್ಯಾಕ್ ಒಣಗುವುದೇ ಇಲ್ಲ. ಒದ್ದೆ ಸಿಮೆಂಟಿನ ಮೇಲೆ ಗಾಲಿ ಬಿಡುವುದು ಅಪಾಯ, ಬೇರಿಂಗಿಗೂ ನೀರು ಹೊಕ್ಕು ತುಕ್ಕು ಹಿಡಿಯುತ್ತದೆ. ಮದುವೆ ಇಲ್ಲದ ದಿನ ಕಾರ್ಯಾಲಯದವರು ಬೆಳಿಗ್ಗೆ ನಮಗೆ ಹಾಲ್ ಬಿಡುತ್ತಾರೆ, ಅವರ ಋಣ ದೊಡ್ಡದು. ಅಲ್ಲಿ ನಮ್ಮ ಮೊದಲ ಕೆಲಸ ಕಸಬರಿಗೆ ಹಿಡಿಯುವುದು. ಹಿಂದಿನ ದಿನದ ಅಕ್ಷತೆ ಕಾಳು ಎಲ್ಲೋ ಒಂದು ಉಳಿದಿರುತ್ತದೆ. ಒಂದೇ ಒಂದು ಅಕ್ಕಿಕಾಳು ಗಾಲಿಯ ಕೆಳಗೆ ಸಿಕ್ಕರೆ ಸಾಕು, ಗಾಲಿ ಗಕ್ಕನೆ ನಿಲ್ಲುತ್ತದೆ, ಮೈ ಮುಂದೆ ಹೋಗುತ್ತದೆ. ಮಕ್ಕಳ ಅಜ್ಜಿಯೂ ಬಂದು ಒಂದು ಮೂಲೆಯಿಂದ ಕಸ ಗುಡಿಸುತ್ತಾರೆ. ಗುಡಿಸುತ್ತಾ "ಯಾರ ಮದುವಿದೋ ಏನೋ, ಚಲೋ ಇರಲಿ" ಅಂತ ಕಾಳುಗಳನ್ನು ಸೆರಗಿಗೆ ಹಾಕಿಕೊಂಡು ಹಕ್ಕಿಗೆ ಚೆಲ್ಲುತ್ತಾರೆ.

ಕುಣಿತದ ನಡುವೆ ಒಂದು ಭಾಗ ಇದೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅದನ್ನು ಬಿಡಿಸಲು ನನಗೆ ತುಂಬಾ ತಲೆ ಓಡಿಸಬೇಕಾಯಿತು. ಇಬ್ಬರೂ ಕಿಲಿಯನ್ ಹಿಡಿತ ಬಿಟ್ಟು, ನಡುವಿನ ಒಂದು ಬಿಂದುವಿನಿಂದ ಬೇರೆಯಾಗುತ್ತಾರೆ. ಅವನು ಎಡಕ್ಕೆ ಒಂದು ವೃತ್ತ, ಅವಳು ಬಲಕ್ಕೆ ಒಂದು ವೃತ್ತ. ಎರಡೂ ಸೇರಿ ನೆಲದ ಮೇಲೆ ಎಂಟು. ಮತ್ತೆ ಅದೇ ಬಿಂದುವಿನಲ್ಲಿ, ಅದೇ ಸಮ್‌ಗೆ ಸೇರಿ ಕೈ ಹಿಡಿಯಬೇಕು. ಎಂಟು ಆವರ್ತನದಲ್ಲಿ ಮುಗಿಯಬೇಕು.

ಎರಡು ವೃತ್ತವೂ ಒಂದೇ ಅಳತೆ ಇಟ್ಟರೆ ಅಣ್ಣ ಪ್ರತಿ ಸಲ ಮೊದಲೇ ಬಂದು ಕಾಯಬೇಕು. ಅವನ ಓಟ ಜಾಸ್ತಿ. ಅವನಿಗೆ ನಿಧಾನ ಮಾಡು ಅಂದರೆ ಎಡ್ಜ್ ಸತ್ತುಹೋಗುತ್ತದೆ, ವೇಗ ಇಲ್ಲದೆ ಒರಗಲು ಆಗುವುದಿಲ್ಲ. ಅವಳಿಗೆ ಜೋರು ಹೋಗು ಅಂದರೆ ಮುಖ ಬಿಗಿಯಾಗುತ್ತದೆ, ಭುಜ ಮೇಲೇರುತ್ತದೆ. ಅದಕ್ಕೆ ಇಬ್ಬರ ವೇಗವನ್ನೂ ಮುಟ್ಟದೆ ಚಾಕ್‌ಪೀಸ್ ಗೆರೆ ಬದಲಾಯಿಸಿದೆ. ಅವನ ವೃತ್ತ ದೊಡ್ಡದು, ಅವಳದು ಚಿಕ್ಕದು. ಅವನು ಎಷ್ಟು ಪಟ್ಟು ಜೋರು ಹೋಗುತ್ತಾನೋ ಅಷ್ಟೇ ಪಟ್ಟು ಅವನ ವೃತ್ತದ ಅಳತೆ ದೊಡ್ಡದಿದ್ದರೆ ಇಬ್ಬರೂ ಒಂದೇ ಹೊತ್ತಿಗೆ ಮುಟ್ಟುತ್ತಾರೆ. ಶಾಲೆಯ ಗಣಿತ ಅಷ್ಟೇ. ನೋಡುವವರಿಗೆ ಇದರಿಂದ ಇನ್ನೊಂದು ಲಾಭ. ಅಣ್ಣ ದೂರ ಹೋಗಿ ಬರುತ್ತಾನೆ, ತಂಗಿ ಮನೆಯ ಹತ್ತಿರವೇ ಸುತ್ತುತ್ತಿರುತ್ತಾಳೆ ಅನ್ನುವ ಹಾಗೆ ಕಾಣುತ್ತದೆ. ಇದನ್ನು ಗಮನಿಸಿದ್ದು ನಾನಲ್ಲ, ಅವರ ಅಮ್ಮ. ಆ ಮೇಲೆ ನಾನು ಅವಳ ವೃತ್ತದಲ್ಲಿ ಒಂದು ತ್ರೀ ಟರ್ನ್ ಸೇರಿಸಿದೆ. ಅರ್ಧ ದಾರಿಯಲ್ಲಿ ಅವಳು ಹಿಮ್ಮುಖವಾಗಿ ತಿರುಗಿ ಅವನನ್ನು ನೋಡುತ್ತಾಳೆ, ಮತ್ತೆ ಮುಂದಕ್ಕೆ ತಿರುಗುತ್ತಾಳೆ. ಕಥೆ ಹೇಳಲು ಬೇರೆ ಏನೂ ಬೇಕಾಗಲಿಲ್ಲ.

ಕೈ ಹಾಕಿದ್ದು ಇದೆಲ್ಲ ಆದ ಮೇಲೆ. ಅಷ್ಟು ಹೊತ್ತಿಗೆ ಕೈ ಎಲ್ಲಿಗೆ ಹೋಗಬೇಕು ಅಂತ ಮೈಯೇ ಹೇಳುತ್ತಿತ್ತು. ಬಾಗಿನ ಒಳಗಿನ ಕೈ ಹಿಂದಕ್ಕೆ, ಹೊರಗಿನದು ಮುಂದಕ್ಕೆ, ಅಷ್ಟು ಬಿಟ್ಟು ಅಲಪದ್ಮ ಮುದ್ರೆ ಒಂದೇ ಕಡೆ, ಕೊನೆಗೆ ಸೇರುವಾಗ.

ಬಟ್ಟೆಗೆ ಗುಳೇದಗುಡ್ಡದ ಖಣ. ಅವಳಿಗೆ ಖಣದ ಕುಪ್ಪಸ, ಮೊಣಕಾಲಿನ ಮೇಲೆ ನಿಲ್ಲುವ ಲಂಗ, ಕೆಳಗೆ ಲೆಗ್ಗಿಂಗ್ಸ್. ಅವನ ಅಂಗಿಯ ಅಂಚಿಗೆ ಅದೇ ಖಣದ ಪಟ್ಟಿ. ಸೆರಗು, ದುಪಟ್ಟಾ, ಜೋತಾಡುವ ಗೊಂಡೆ ಯಾವುದೂ ಬೇಡ ಅಂತ ಟೇಲರ್‌ಗೆ ಕಟ್ಟುನಿಟ್ಟಾಗಿ ಹೇಳಿದೆ. ಗಾಲಿಗೆ ಬಟ್ಟೆ ಸಿಕ್ಕರೆ ಬಿಡುವುದಿಲ್ಲ.

ಶಾಲೆಯ ಗ್ಯಾದರಿಂಗ್‌ನಲ್ಲಿ ಮೊದಲ ಸಲ ಮಾಡಿದರು. ಚಪ್ಪಾಳೆ ಬಂದದ್ದು ಎಂಟರ ನಡುವೆ ಇಬ್ಬರೂ ಸೇರಿದಾಗ. ಅವರ ಅಪ್ಪ ನನ್ನ ಕಡೆ ತಿರುಗಿ ತಲೆಯಾಡಿಸಿದರು, ಮತ್ತೆ ಲಿಫ್ಟ್ ಮಾತು ಎತ್ತಿಲ್ಲ.

ಈಗ ಹೊಸ ಕೆಲಸ ಬಂದಿದೆ. ದೀಪಾವಳಿ ರಜೆಯಲ್ಲಿ ಮಕ್ಕಳು ದೆಹಲಿಯಲ್ಲಿರುವ ಸೋದರಮಾವನ ಮನೆಗೆ ಹೋಗಿದ್ದರು. ಅವರು ಗುರುಗ್ರಾಮದ ಮಾಲ್ ಒಂದರಲ್ಲಿರುವ ಐಸ್ ರಿಂಕಿಗೆ ಕರೆದುಕೊಂಡು ಹೋದರು. ಹುಡುಗ ಅಲ್ಲಿಂದಲೇ ಫೋನ್ ಮಾಡಿದ. "ಮಿಸ್, ನಿಲ್ಲೂದ ಇಲ್ರಿ ಇದು! ಒಮ್ಮೆ ತಳ್ಳಿದ್ರ ಹೊಂಟ ಹೋಗತೇವಿ!" ವಿಡಿಯೋ ಕಳಿಸಿದರು. ಗಾಲಿಯ ಮೇಲೆ ಆರು ಮಾತ್ರೆ ಮುಗಿಯುವಷ್ಟರಲ್ಲಿ ಓಟ ಇಳಿಯುತ್ತದೆ, ಮತ್ತೆ ತಳ್ಳಬೇಕು. ಐಸ್ ಮೇಲೆ ಆರು ಮುಗಿದರೂ ಓಟ ಹಾಗೇ ಇದೆ, ತಂಗಿ ಖಾಲಿ ಕಾಲನ್ನು ಎಲ್ಲಿಡಬೇಕು ಅಂತ ತಿಳಿಯದೆ ಗಾಳಿಯಲ್ಲೇ ಇಟ್ಟುಕೊಂಡು ನಗುತ್ತಿದ್ದಾಳೆ. ಗಾಲಿಯ ಮುಂದಿನ ಸ್ಟಾಪರ್ ಜಾಗದಲ್ಲಿ ಅಲ್ಲಿ ಬ್ಲೇಡಿನ ತುದಿಗೆ ಹಲ್ಲು ಇರುತ್ತದೆ, ಅದನ್ನು ಊರಿದರೆ ಮುಗ್ಗರಿಸುತ್ತಾರೆ, ಅದೊಂದು ಅಭ್ಯಾಸ ಬಿಡಿಸಬೇಕು. ಆದರೆ ಒರಗುವುದು, ಮೊಣಕಾಲು, ಇಬ್ಬರ ನಡುವಿನ ಅಂತರ, ಮೂರೂ ಕದಲಿಲ್ಲ. ಕಿಲಿಯನ್ ಹಿಡಿತದಲ್ಲಿ ಬೀಳದೆ ಪೂರ್ತಿ ಒಂದು ಸುತ್ತು ಬಂದರು.

ದೆಹರಾಡೂನಿನಲ್ಲಿ 2011ರಲ್ಲಿ ಕಟ್ಟಿದ ಹಿಮಾದ್ರಿ ಐಸ್ ರಿಂಕ್ ಇದೆ. ಶಿಮ್ಲಾದಲ್ಲಿ 1920ರಿಂದ ಚಳಿಗಾಲದಲ್ಲಿ ಬಯಲಲ್ಲೇ ನೀರು ಹೆಪ್ಪುಗಟ್ಟಿಸಿ ಜಾರುತ್ತಾರೆ. ಬೇಸಿಗೆ ರಜೆಯಲ್ಲಿ ಇಬ್ಬರನ್ನೂ ದೆಹರಾಡೂನಿಗೆ ಕರೆದೊಯ್ಯುವ ಮಾತು ಅವರ ಮನೆಯಲ್ಲಿ ನಡೆದಿದೆ. ಹಾಗಾದರೆ ಕುಣಿತದ ಅಳತೆಯೇ ಬದಲಾಗಬೇಕು. ಸ್ವಿಂಗ್ ರೋಲ್‌ನಲ್ಲಿ ಒಂದು ಆವರ್ತನದ ಬದಲು ಎರಡು, ಹನ್ನೆರಡು ಮಾತ್ರೆ ಒಂದೇ ಕಾಲಿನ ಮೇಲೆ. ಎಂಟರ ವೃತ್ತಗಳು ಈಗಿನದಕ್ಕಿಂತ ಎಷ್ಟೋ ದೊಡ್ಡದಾಗುತ್ತವೆ, ಆದರೆ ಐಸ್ ಮೇಲೆ ಇಬ್ಬರ ವೇಗದ ವ್ಯತ್ಯಾಸ ಇಷ್ಟೇ ಇರುತ್ತದೆ ಅಂತ ಹೇಳಲು ಬರುವುದಿಲ್ಲ, ಅಲ್ಲಿ ಹೋಗಿ ಅಳೆದೇ ಗೆರೆ ಹಾಕಬೇಕು. ತಬಲಾ ಮೇಷ್ಟ್ರಿಗೆ ಹೇಳಿದ್ದೇನೆ, ಲಯ ಸ್ವಲ್ಪ ಇಳಿಸಿ ಇನ್ನೊಮ್ಮೆ ರೆಕಾರ್ಡ್ ಮಾಡಬೇಕು ಅಂತ. ಗುರುವಾರ ಸಂಜೆ ಬರುತ್ತೇನೆ ಅಂದಿದ್ದಾರೆ.